ಅಕ್ಕನ ಗಂಟಲು

ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣ ವಯಸ್ಸಲ್ಲ, ದನಿ. ಇಪ್ಪತ್ತು ತುಂಬುವ ಮೊದಲೇ ಅವಳ ಗಂಟಲು ಒಡೆದು ಗೊಗ್ಗರಾಗಿತ್ತು. ಫೋನೆತ್ತಿದರೆ ಆ ಕಡೆಯವರು, "ಸಾರ್, ಮನೇಲಿ ಹೆಂಗಸರು ಯಾರಾದ್ರೂ ಇದ್ದಾರಾ?" ಎಂದು ಕೇಳುತ್ತಿದ್ದರು. "ಇದ್ದಾರೆ, ಕರೀತೀನಿ ಇರಿ" ಎಂದು ರಿಸೀವರ್ ಪಕ್ಕಕ್ಕಿಟ್ಟು, ಅರ್ಧ ನಿಮಿಷ ಸುಮ್ಮನಿದ್ದು, ಅದೇ ದನಿಯಲ್ಲಿ ಮತ್ತೆ "ಹಲೋ" ಎನ್ನುತ್ತಿದ್ದಳು. ಮನೆಯಲ್ಲಿ ತಮ್ಮ ಬಿದ್ದು ಬಿದ್ದು ನಗುತ್ತಿದ್ದ.

ಆ ದನಿ ಬಂದದ್ದು ಲಾಂಡ್ರಿಯಿಂದ. ನಾಲ್ಕು ಹೋಟೆಲು, ಎರಡು ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಆರು ಮಶೀನುಗಳು ಒಟ್ಟಿಗೆ ತಿರುಗುವ ಸದ್ದು, ಬಾಯ್ಲರಿನ ಹಬೆ, ಬ್ಲೀಚಿನ ಘಾಟು. ಪಕ್ಕದಲ್ಲಿ ನಿಂತವಳಿಗೆ ಒಂದು ಮಾತು ಹೇಳಬೇಕಾದರೂ ಕೂಗಿಯೇ ಹೇಳಬೇಕು. ಅವಳಮ್ಮನೂ ಅಲ್ಲೇ ಕೂಗಿ ಕೂಗಿ ಸವೆದವಳು. ಅಮ್ಮ ತೀರಿಕೊಂಡಾಗ ತಮ್ಮನಿಗೆ ಒಂಬತ್ತು ವರ್ಷ, ಇವಳಿಗೆ ಹದಿನೆಂಟು. ಅಮ್ಮನ ಏಪ್ರನ್ ಕಟ್ಟಿಕೊಂಡು ಇವಳು ಅದೇ ಮಶೀನಿನ ಮುಂದೆ ನಿಂತಳು. ತಮ್ಮನನ್ನು ಓದಿಸಿದಳು, ಹೊಡೆದಳು, ಮುದ್ದು ಮಾಡಿದಳು, ಅವನು ಹಟ ಹಿಡಿದಾಗ ಹಳೆಯದೊಂದು ಅಕಾರ್ಡಿಯನ್ ಕೊಡಿಸಿದಳು. ಎದೆಗೆ ತಗುಲಿಸಿಕೊಂಡು ತಿದಿ ಎಳೆದು ನುಡಿಸುವ ಆ ವಾದ್ಯ ಅವನಿಗಿಂತ ದಪ್ಪಗಿತ್ತು.

ಭಾನುವಾರ ಲಾಂಡ್ರಿಗೆ ರಜೆ. ಇಸ್ತ್ರಿ ಕೋಣೆಯ ಬೀಗದಕೈ ಅಕ್ಕನ ಹತ್ತಿರವೇ ಇರುತ್ತಿತ್ತು. ಮಧ್ಯಾಹ್ನ ಅಲ್ಲಿ ಮೂವರು ಸೇರುತ್ತಿದ್ದರು. ತಮ್ಮ, ಅಕ್ಕ, ಮತ್ತು ಡ್ರಮ್ ಬಾರಿಸುವ ಮೇಸ್ತ್ರಿ. ಮೇಸ್ತ್ರಿ ಬಸ್ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚುವವರು, ಐವತ್ತರ ಹತ್ತಿರದವರು, ಮಾತು ಕಮ್ಮಿ. ಹಾಡು ಕಟ್ಟುವವನು ತಮ್ಮ. ಒಗೆಯಲು ಬಂದ ದಿಂಬಿನ ಚೀಲದಲ್ಲಿ ಒಂಟಿ ಓಲೆ ಸಿಕ್ಕಿದ ಬಗ್ಗೆ ಒಂದು ಹಾಡಿತ್ತು. ಅದು ಒಂಬತ್ತು ನಿಮಿಷದ್ದು. ಮೊದಲ ಮೂರು ನಿಮಿಷ ಬರೀ ಅಕಾರ್ಡಿಯನ್ ಉಸಿರಾಡುತ್ತಿತ್ತು. ಆಮೇಲೆ ಅಕ್ಕ ಬಾಯಿ ತೆರೆಯುತ್ತಿದ್ದಳು. ಮೈ ಜುಮ್ಮೆನ್ನುತ್ತಿತ್ತು ಎಂದು ಕೇಳಿದವರು ಈಗಲೂ ಹೇಳುತ್ತಾರೆ. ಸುತ್ತಲ ಬೀದಿಗಳ ಎಂಬತ್ತು, ನೂರು ಮಂದಿ ಬಂದು ಒಗೆಯದ ಬಟ್ಟೆಯ ಗಂಟುಗಳ ಮೇಲೆ ಕೂತು ಕೇಳುತ್ತಿದ್ದರು. ಇವರಿಗೆ 'ಭಾನುವಾರದವರು' ಎಂಬ ಹೆಸರೂ ಬಿದ್ದಿತ್ತು. ಯಾರೋ ಒಬ್ಬ ಪ್ರತಿ ವಾರ ಟೇಪು ಮಾಡಿಕೊಂಡು ಹೋಗುತ್ತಿದ್ದ.

ಒಂದು ಭಾನುವಾರ ಕನ್ನಡಕದವನು ಬಂದ. ಸಂಗೀತ ಕಂಪನಿಯವನು. ಕನ್ನಡಕವನ್ನು ಯಾವಾಗಲೂ ತಲೆಯ ಮೇಲೆ ಏರಿಸಿಕೊಂಡಿರುತ್ತಿದ್ದ, ಅದನ್ನು ಕಣ್ಣಿಗಿಳಿಸಿದ್ದನ್ನು ಕಂಡವರಿಲ್ಲ. ಓಲೆಯ ಹಾಡು ಮುಗಿಯುವ ಹೊತ್ತಿಗೆ ಅವನ ಕಣ್ಣಲ್ಲಿ ನೀರಿತ್ತು, ಅದು ನಾಟಕವಲ್ಲ. ಕಣ್ಣೊರೆಸಿಕೊಂಡು ತಮ್ಮನ ಹೆಗಲ ಮೇಲೆ ಕೈ ಹಾಕಿದ.

"ಇದೇ ಹಾಡು ಮೂರು ನಿಮಿಷಕ್ಕೆ ಮುಗಿದ್ರೆ ಇಡೀ ಊರು ಅಳುತ್ತೆ."

"ಮೂರು ನಿಮಿಷಕ್ಕೆ ಅಕ್ಕ ಶುರುನೇ ಮಾಡಿರಲ್ಲ ಸಾರ್" ಎಂದ ತಮ್ಮ, ನಗುತ್ತಾ.

"ಅದನ್ನೇ ನಾನು ಹೇಳ್ತಿರೋದು" ಎಂದ ಕನ್ನಡಕದವನು. ಅವನು ನಗಲಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ತಮ್ಮನ ಮುಖ ನೋಡಿಯೇ ಅಕ್ಕನಿಗೆ ಗೊತ್ತಾಗಿಹೋಯಿತು. ಅವನು ಬಾಯಿ ಬಿಡುವ ಮೊದಲೇ, "ಆಯ್ತು ಕಣೋ, ಮಾಡೋಣ" ಎಂದಳು. ಅವಳಿಗೆ ಆಸೆಯಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಇಪ್ಪತ್ತು ವರ್ಷದಿಂದ ಊರಿನವರ ಹಾಸಿಗೆಯ ಕೊಳೆ ಕಂಡವಳು. ಅದೇ ಊರು ಒಂದು ಸಲ ತನ್ನ ಕಡೆ ತಿರುಗಿ ನೋಡಲಿ ಎಂದು ಅವಳಿಗೆ ಅನಿಸಿದರೆ ತಪ್ಪೇನು?

ಸ್ಟುಡಿಯೋದ ಮೊದಲ ದಿನವೇ ಮೇಸ್ತ್ರಿಗೆ ತೊಂದರೆಯಾಯಿತು. ಅಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಅದರೊಳಗೆ ಟಕ್ ಟಕ್ ಎಂದು ಬಡಿಯುವ ಸದ್ದಿಗೆ ಸರಿಯಾಗಿ ಬಾರಿಸಬೇಕು. ಮೇಸ್ತ್ರಿ ಹತ್ತು ಸಲ ಬಾರಿಸಿದರು, ಹತ್ತು ಸಲವೂ ಟಕ್ ಟಕ್ ಮುಂದೆ ಓಡಿತು. ಹೆಡ್‌ಫೋನ್ ತೆಗೆದು ಗಾಜಿನ ಆಚೆ ಕೂತವರಿಗೆ ಹೇಳಿದರು: "ಅಕ್ಕ ಉಸಿರು ತಗೊಳ್ಳೋವಾಗ ನಾನು ಒಂದು ಚೂರು ನಿಲ್ತೀನಿ ಸ್ವಾಮಿ. ಈ ಮಶೀನು ನಿಲ್ಲಲ್ಲ."

"ನಿಲ್ಲಬಾರದು" ಎಂದಿತು ಗಾಜಿನಾಚೆಯ ದನಿ.

ವಾರ ಕಳೆಯುವಷ್ಟರಲ್ಲಿ ಲ್ಯಾಪ್‌ಟಾಪಿನೊಳಗಿನ ಡ್ರಮ್ ಸಾಕು ಎಂದು ತೀರ್ಮಾನವಾಯಿತು. ಮೇಸ್ತ್ರಿಗೆ ಹೇಳುವವರು ಯಾರು? ತಮ್ಮ ನೆಲ ನೋಡಿದ. ಕನ್ನಡಕದವನು ಫೋನು ನೋಡಿದ. ಕೊನೆಗೆ ಅಕ್ಕ ಎದ್ದಳು. ತಮ್ಮನ ಬದುಕಿನ ಕಷ್ಟದ ಕೆಲಸಗಳನ್ನೆಲ್ಲ ಅವಳೇ ಮಾಡಿಕೊಂಡು ಬಂದವಳು.

ಗ್ಯಾರೇಜಿಗೆ ಹೋದಾಗ ಊಟದ ಬಿಡುವು. ಮೇಸ್ತ್ರಿ ಗ್ರೀಸು ಮೆತ್ತಿದ ಕೈ ತೊಳೆದುಕೊಂಡು, ಜೊತೆಯವರ ನಡುವೆ ಟೈರಿನ ಮೇಲೆ ಕೂತಿದ್ದರು. ಅಕ್ಕನನ್ನು ಕಂಡು ಎದ್ದು ಜಾಗ ಬಿಟ್ಟುಕೊಟ್ಟರು. ಅವಳು ಕೂರಲಿಲ್ಲ. ಕಂಪನಿಯವರು ಮಶೀನು ಇಟ್ಟುಕೊಳ್ಳುತ್ತಾರಂತೆ ಎಂದು ನಿಜ ಹೇಳಬಹುದಿತ್ತು. ಹಾಗೆ ಹೇಳಿದರೆ ಅವರು ವಾದ ಮಾಡುತ್ತಾರೆ, ತಮ್ಮನ ಹತ್ತಿರ ಹೋಗುತ್ತಾರೆ, ತಮ್ಮ ಕರಗಿಬಿಡುತ್ತಾನೆ. ದಾರಿಯಲ್ಲೇ ಅದನ್ನೆಲ್ಲ ಲೆಕ್ಕ ಹಾಕಿಕೊಂಡೇ ಬಂದಿದ್ದಳು.

"ನಿಮಗೆ ತಾಳ ನಿಲ್ತಿಲ್ಲ ಮೇಸ್ತ್ರಿ" ಎಂದಳು. ಅವಳ ಗೊಗ್ಗರು ದನಿ ಶೆಡ್ಡಿನ ತಗಡಿಗೆಲ್ಲ ಕೇಳಿಸಿತು. "ಎಷ್ಟೋ ದಿನದಿಂದ ನಿಲ್ತಿಲ್ಲ. ನಾವೇ ಹೇಳದೆ ನುಂಗಿಕೊಂಡಿದ್ವಿ."

ಜೊತೆಯವರು ತಿನ್ನುವುದನ್ನು ನಿಲ್ಲಿಸಿದರು. ಮೇಸ್ತ್ರಿ ತೊಳೆದ ಕೈಯನ್ನೇ ಮತ್ತೆ ಬಟ್ಟೆಗೆ ಒರೆಸಿಕೊಂಡರು. ತನ್ನ ತಾಳ ತನಗೆ ಕೇಳಿಸುತ್ತಿಲ್ಲವೇನೋ ಎಂಬ ಅನುಮಾನ ಹೊಕ್ಕ ಮೇಲೆ ಯಾರು ತಾನೆ ವಾದ ಮಾಡಿಯಾರು? "ಹಾಗಾ ಅಕ್ಕಾ" ಎಂದರು. "ಮೊದಲೇ ಹೇಳಬೇಕಿತ್ತು ನೀವು." ಅವಳು ತಿರುಗಿ ಬಂದುಬಿಟ್ಟಳು. ಮೇಸ್ತ್ರಿ ಡ್ರಮ್ ಮಾರಿದ ಸುದ್ದಿ ತಿಂಗಳೊಳಗೆ ಬಂತು. ಅಂದು ಲಾಂಡ್ರಿಯಲ್ಲಿ ಅವಳು ಇನ್ನೊಬ್ಬಳ ಪಾಳಿಯನ್ನೂ ತಾನೇ ಮಾಡಿದಳು, ಮರುದಿನ ಎಂದಿನಂತಿದ್ದಳು.

ಮೇಸ್ತ್ರಿಯ ಹಿಂದೆಯೇ ಅಕಾರ್ಡಿಯನ್ ಹೋಯಿತು, ಅದರ ಜಾಗಕ್ಕೆ ಕೀಬೋರ್ಡ್ ಬಂತು. 'ಭಾನುವಾರದವರು' ಹೋಗಿ ಮಿಣಮಿಣ ಎನ್ನುವ ಇಂಗ್ಲಿಷ್ ಹೆಸರು ಬಂತು. ಓಲೆಯ ಹಾಡು ಎರಡು ನಿಮಿಷ ಐವತ್ತು ಸೆಕೆಂಡಿಗೆ ಇಳಿಯಿತು. ಅದರಲ್ಲಿ ಓಲೆಯೂ ಇರಲಿಲ್ಲ, ದಿಂಬೂ ಇರಲಿಲ್ಲ, "ಬಾ ಬಾ ಬಾ" ಎಂಬ ಮೂರಕ್ಷರ ಹದಿನೆಂಟು ಸಲ ಇತ್ತು. ಅಕ್ಕನ ದನಿಯನ್ನು ಕಂಪ್ಯೂಟರಿಗೆ ಹಾಕಿ ಎಳೆದು, ತೆಳ್ಳಗೆ ಮಾಡಿ, ಮೇಲಕ್ಕೇರಿಸಿದರು. ಮೊದಲ ಸಲ ಕೇಳಿಸಿದಾಗ ಅವಳು ಕೇಳಿದಳು, "ಇವಳ್ಯಾರು?"

ಹಾಡು ಗೆದ್ದಿತು. ಅಂಗಡಿಗಳಲ್ಲಿ, ಬಸ್ಸುಗಳಲ್ಲಿ, ಸಲೂನುಗಳಲ್ಲಿ ಅದೇ. ಲಾಂಡ್ರಿಯ ರೇಡಿಯೋದಲ್ಲಿ ಬಂದಾಗ ಒದ್ದೆ ಬಟ್ಟೆ ಹಿಂಡುವ ಹುಡುಗಿಯರು ಸೊಂಟ ಕುಣಿಸಿದರು.

"ಇದು ನಾನೇ ಹಾಡಿರೋದು ಕಣ್ರೇ" ಎಂದಳು ಅಕ್ಕ.

ಅವರು ನಕ್ಕರು. ಒಬ್ಬಳಂತೂ ಅವಳ ಗೊಗ್ಗರು ದನಿಯನ್ನು ಅಣಕಿಸಿ "ಬಾ ಬಾ ಬಾ" ಎಂದು ಹಾಡಿ ತೋರಿಸಿದಳು, ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ಅಕ್ಕ ಮಾರನೆಯ ವಾರವೇ ಕೆಲಸ ಬಿಟ್ಟಳು.

ವೇದಿಕೆಯಲ್ಲಿ ಅವಳ ಕೆಲಸ ಬಾಯಿ ಆಡಿಸುವುದಷ್ಟೇ. ಹಾಡು ಹಿಂದಿನಿಂದ ಬರುತ್ತಿತ್ತು. ಏಳೆಂಟು ಕಾರ್ಯಕ್ರಮ ಹಾಗೇ ನಡೆದವು. ಆಮೇಲೊಂದು ಸಂಜೆ, ದೊಡ್ಡ ಮಾಲಿನ ಅಂಗಳದಲ್ಲಿ, ಹಾಡಿನ ನಡುವೆ ಲ್ಯಾಪ್‌ಟಾಪ್ ನಿಂತುಹೋಯಿತು. ಮೈಕು ಮಾತ್ರ ಜೀವಂತವಾಗಿತ್ತು. ಹಾಡುವವಳು ಹಾಡು ನಿಲ್ಲಿಸಬಾರದು ಎಂಬುದೊಂದೇ ಅವಳಿಗೆ ಗೊತ್ತಿದ್ದದ್ದು, ಮುಂದುವರಿಸಿದಳು. ಅವಳ ಸ್ವಂತ ದನಿ ಆ ಗಾಜು, ಅಮೃತಶಿಲೆಗಳ ನಡುವೆ ಹೊರಟಿತು. ಮೊದಲ ಸಾಲಿನಲ್ಲಿ ಒಬ್ಬ ನಕ್ಕ. ಯಾರೋ "ಕಾ ಕಾ" ಎಂದು ಕೂಗಿದರು. ಅಪ್ಪನ ಹೆಗಲೇರಿದ್ದ ಒಂದು ಮಗು ಗಾಬರಿಯಾಗಿ ಅತ್ತಿತು. ಅಕ್ಕ ಇಡೀ ಹಾಡು ಮುಗಿಸಿಯೇ ಕೆಳಗಿಳಿದಳು. ತಮ್ಮ ಕೀಬೋರ್ಡಿನ ಹಿಂದೆ ಬಗ್ಗಿ ವೈರು ಹುಡುಕುವವನಂತೆ ಕೂತವನು ಅವಳು ಇಳಿಯುವ ತನಕ ತಲೆ ಎತ್ತಲಿಲ್ಲ. ಮಾರನೆಯ ದಿನಕ್ಕೆ, ಯಾರೋ ಫೋನಿನಲ್ಲಿ ಹಿಡಿದಿದ್ದ ಅದರ ವೀಡಿಯೊವನ್ನು ಹಾಡಿಗಿಂತ ಹೆಚ್ಚು ಜನ ನೋಡಿದ್ದರು.

ಗಂಟಲಿನ ಡಾಕ್ಟರ ಹತ್ತಿರ ಹೋಗೋಣ ಎಂದದ್ದು ತಮ್ಮ. ಡಾಕ್ಟರಮ್ಮ ಒಳ್ಳೆಯವರು, ಕ್ಯಾಮೆರಾ ಇಳಿಸಿ ಗಂಟಲಿನೊಳಗನ್ನು ಪರದೆಯ ಮೇಲೆ ತೋರಿಸಿದರು. ದನಿಯ ತಂತುವಿನ ಮೇಲೆ ಕಾಳಿನಷ್ಟು ಗಂಟು.

"ಇದರಿಂದ ಜೀವಕ್ಕೇನೂ ತೊಂದರೆ ಇಲ್ಲ" ಎಂದರು. "ತೆಗೆದ್ರೆ ದನಿ ತಿಳಿಯಾಗುತ್ತೆ. ಆದ್ರೆ ಎಂಥಾ ದನಿ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಈಗಿರೋ ದನಿ ಮಾತ್ರ ವಾಪಸ್ ಬರಲ್ಲ. ನಿಮಗೆ ಬೇಕಾ ಇದು?"

ಅಕ್ಕ ತಮ್ಮನ ಮುಖ ನೋಡಿದಳು. ಅವನು ಪರದೆಯ ಮೇಲಿನ ಗಂಟನ್ನೇ, ಯಾರೋ ಶತ್ರುವನ್ನು ನೋಡುವಂತೆ ನೋಡುತ್ತಿದ್ದ. "ಬೇಕು" ಎಂದಳು.

ಆಪರೇಷನ್ನಾದ ಮೇಲೆ ಒಂದು ತಿಂಗಳು ಪಿಟ್ಟೆನ್ನುವಂತಿಲ್ಲ. ಕೆಮ್ಮಲೂಬಾರದು. ನೂರು ಪುಟದ ನೋಟ್ ಪುಸ್ತಕ, ಪೆನ್ಸಿಲು ಕೊಟ್ಟರು. ಮೊದಲ ವಾರ ತಮ್ಮ ಪಕ್ಕ ಕೂತು ಅವಳು ಬರೆದದ್ದನ್ನೆಲ್ಲ ಓದಿದ. ಎರಡನೆಯ ವಾರ ಕನ್ನಡಕದವನು ಮನೆಗೇ ಬಂದು ಕೂರತೊಡಗಿದ. ಇಬ್ಬರೂ ಮೇಜಿನ ಆಚೆ ಈಚೆ, ಅಕ್ಕ ತುದಿಯಲ್ಲಿ.

"ಮುಂದಿನ ಆಲ್ಬಮ್ಮಿನ ಮೇಲೆ ಅಕ್ಕನ ಫೋಟೋ ಬೇಡ" ಎಂದ ಕನ್ನಡಕದವನು. "ಮಾಲಿನ ವೀಡಿಯೊ ಜನ ಇನ್ನೂ ಮರೆತಿಲ್ಲ."

ಅಕ್ಕ 'ಯಾಕೆ?' ಎಂದು ಬರೆದು ಪುಸ್ತಕ ತಳ್ಳಿದಳು. ತಮ್ಮನ ಮೊಣಕೈ ಅದರ ಮೇಲೆ ಕೂತಿತು. ಅವನು ನೋಡಲಿಲ್ಲ.

"ವಯಸ್ಸೂ ಒಂದು ಮಾತು" ಎಂದ ತಮ್ಮ. "ಅಕ್ಕನಿಗೆ ನಲವತ್ತಾಯ್ತು. ಸ್ಟೇಜಿಗೆ ಬೇರೆ ಯಾರನ್ನಾದ್ರೂ ನಿಲ್ಲಿಸಿ, ಅಕ್ಕ ಒಳಗಿಂದ ಹಾಡಿದ್ರೆ ಹೇಗೆ?"

"ಹಾಗೂ ಮಾಡಬಹುದು."

ಅವಳು ಪುಸ್ತಕವನ್ನು ಎಳೆದುಕೊಂಡು, ಪುಟದ ತುಂಬ ಒಂದೇ ಮಾತು ಬರೆದಳು: 'ಬೇಡ'. ಎತ್ತಿ ಹಿಡಿದಳು. ಅವರಿಬ್ಬರೂ ಲ್ಯಾಪ್‌ಟಾಪಿನಲ್ಲಿ ಏನನ್ನೋ ನೋಡುತ್ತಿದ್ದರು. ಕೈ ಸೋಲುವವರೆಗೂ ಹಿಡಿದೇ ಇದ್ದಳು. ಆಗ ಒಂದು ವಿಷಯ ಅವಳಿಗೆ ಹೊಳೆಯಿತು. ಅವರು ಬೇಕೆಂದು ತಿರಸ್ಕರಿಸುತ್ತಿರಲಿಲ್ಲ. ದನಿ ಇಲ್ಲದ ಅವಳು ಅಲ್ಲಿದ್ದಾಳೆಂಬುದೇ ಅವರಿಗೆ ಮರೆತುಹೋಗಿತ್ತು. ಎದ್ದು ಅವರಿಗೆ ಚಹಾ ಮಾಡಿ ತಂದಿಟ್ಟಳು. "ಥ್ಯಾಂಕ್ಸ್ ಮೇಡಂ" ಎಂದ ಕನ್ನಡಕದವನು, ಹೋಟೆಲಿನವಳಿಗೆ ಹೇಳುವಂತೆ.

ದನಿ ಬಂತು. ತಿಳಿಯಾದ, ಸಾಫಾದ, ಎಲ್ಲೂ ಎಡವದ ದನಿ. ಸ್ಟುಡಿಯೋದಲ್ಲಿ ಓಲೆಯ ಹಾಡನ್ನೇ ಹಾಡಿದಳು, ಒಂದು ಸ್ವರವೂ ತಪ್ಪಲಿಲ್ಲ. ಗಾಜಿನಾಚೆಯಿಂದ ಕನ್ನಡಕದವನು, "ಚೆನ್ನಾಗಿದೆ" ಎಂದ. ಇನ್ನೊಂದು ಹಾಡಿದಳು. "ಚೆನ್ನಾಗಿದೆ." ಮೂರನೆಯದಕ್ಕೂ ಅದೇ. ಇಂಥ ದನಿ ಊರಲ್ಲಿ ಬೀದಿಗೆ ಮೂರಿರುತ್ತವೆ, ಅದು ಗಾಜಿನ ಎರಡೂ ಕಡೆಯವರಿಗೆ ಗೊತ್ತಾಗಿತ್ತು.

ಮನೆಗೆ ಬಂದು ಅವಳು ಯಾಕೋ ಮೇಸ್ತ್ರಿಯ ಮನೆಗೆ ಫೋನ್ ಮಾಡಿದಳು. ಗ್ಯಾರೇಜಿನಲ್ಲಿ ಹೇಳಿದ್ದು ಸುಳ್ಳು ಎಂದು ಹೇಳಿಬಿಡಬೇಕೆಂದು ಬಾಯಿಗೆ ಬಂದಿತ್ತು.

"ಮೇಸ್ತ್ರಿ, ನಾನು ಅಕ್ಕ."

"ಯಾರಮ್ಮಾ?"

"ನಾನು... ಅಕ್ಕ. ಲಾಂಡ್ರಿ."

"ನೋಡಮ್ಮಾ, ಯಾರೋ ಏನೋ" ಎಂದರು ಮೇಸ್ತ್ರಿ. "ಅಕ್ಕನ ದನಿ ನನಗೆ ಗೊತ್ತು. ತಮಾಷೆ ಮಾಡೋಕೆ ಬೇರೆ ಯಾರಾದ್ರೂ ಸಿಗಲಿಲ್ವಾ?" ಫೋನಿಟ್ಟರು. ಅವಳು ಇನ್ನೊಮ್ಮೆ ಮಾಡಲಿಲ್ಲ. ಎದುರಿಗೆ ಹೋಗಿ ನಿಲ್ಲಬಹುದಿತ್ತು, ಅದಕ್ಕೂ ಹೋಗಲಿಲ್ಲ.

ವರ್ಷ ತುಂಬುವಷ್ಟರಲ್ಲಿ ಜನರ ಕಿವಿ ಮಗ್ಗುಲು ಬದಲಿಸಿತು. ಬೇರೆ ಯಾವುದೋ ಕಂಪನಿಯಿಂದ ಒಂದು ಹಾಡು ಬಂತು. ಹಾಡಿದವಳದು ಒಡಕು ದನಿ, ಹಿಂದೆ ಒಂದೇ ಒಂದು ಅಕಾರ್ಡಿಯನ್. ಊರೆಲ್ಲ ಅದರ ಹಿಂದೆ ಬಿತ್ತು. ಕನ್ನಡಕದವನು ಓಡುತ್ತಾ ಬಂದ. "ಈಗ ಒರಟು ದನಿ ಓಡುತ್ತೆ. ನಿಮ್ಮ ಹಳೇ ಹಾಡುಗಳಿವೆಯಲ್ಲಾ, ಅವೇ ಬೇಕು. ನಿಜವಾದವು."

ತಮ್ಮ ಅಕ್ಕನ ಕಡೆ ನೋಡಿದ, ಆಮೇಲೆ ಅವಳ ಗಂಟಲಿನ ಕಡೆ. ನಗು ಬಂತು ಅವನಿಗೆ, ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೊರಗೆ ಹೋದ. ಅಲ್ಲಿಂದಲೂ ನಗು ಕೇಳುತ್ತಿತ್ತು. ಅದು ನಗುವೇ ಇರಲಿಕ್ಕಿಲ್ಲ ಎಂದು ಅಕ್ಕ ತನಗೆ ತಾನೇ ಹೇಳಿಕೊಂಡಳು.

ಆ ಹಾಡುಗಳನ್ನು ಹಾಡಲು ಹುಡುಗಿಯೊಬ್ಬಳು ಸಿಕ್ಕಿದಳು. ಇಪ್ಪತ್ತೆರಡು ವರ್ಷ. ಭಾನುವಾರದ ಹಾಡುಗಳ ಟೇಪು ಅವಳ ಚಿಕ್ಕಪ್ಪನ ಮನೆಯಲ್ಲಿತ್ತಂತೆ, ಚಿಕ್ಕಂದಿನಿಂದ ಅದನ್ನೇ ಕೇಳಿ ಬೆಳೆದವಳು. ಅಕ್ಕನ ಕೈ ಹಿಡಿದುಕೊಂಡು, "ಅಕ್ಕಾ, ನೀವು ಹೇಗೆ ಹಾಡ್ತಿದ್ರಿ ಅಂತ ಹೇಳಿಕೊಡಿ. ನನ್ನ ದನಿ ಒರಟಾಗಿದೆ, ಆದ್ರೆ ನಿಮ್ಮಷ್ಟು ಒಳಗಿಂದ ಬರಲ್ಲ" ಎಂದಳು. ತಮ್ಮನೂ ಕೇಳಿಕೊಂಡ. "ಒಂದು ತಿಂಗಳು ಅಷ್ಟೇ ಅಕ್ಕಾ. ನಿನ್ನ ಬಿಟ್ರೆ ಯಾರಿದ್ದಾರೆ?"

ಅಕ್ಕ ಒಪ್ಪಿಕೊಂಡಳು. ದಿನಾ ಬೆಳಿಗ್ಗೆ ಹತ್ತಕ್ಕೆ ಹುಡುಗಿ ಮನೆಗೆ ಬರುತ್ತಿದ್ದಳು. ಎಲ್ಲಿ ಉಸಿರು ತಗೊಳ್ಳಬೇಕು, ಯಾವ ಅಕ್ಷರವನ್ನು ನುಂಗಬೇಕು, ಎಲ್ಲವನ್ನೂ ಅಕ್ಕ ನಿಷ್ಠೆಯಿಂದ ಹೇಳಿಕೊಟ್ಟಳು. ಎರಡನೆಯ ವಾರ ಹುಡುಗಿ ಒಂದು ಸಾಲನ್ನು ಹಾಡಿದಾಗ ಅದು ಥೇಟ್ ಅಕ್ಕನ ಹಳೆಯ ದನಿಯಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಅವಳಿಗೆಂದು ತಂದ ನೀರಿನ ಲೋಟವನ್ನು ವಾಪಸ್ ಒಳಗಿಟ್ಟಳು.

"ಇನ್ನೂ ಕೆಳಗಿಂದ ತಾ" ಎಂದಳು. "ಕೂಗು. ನೋಯಬೇಕು. ನೋಯದಿದ್ರೆ ಅದು ಬರಲ್ಲ."

ಹುಡುಗಿ ಕೂಗಿದಳು. ನಲವತ್ತು ಸಲ ಅದೇ ಸಾಲು. ಮರುದಿನ ಮತ್ತೆ ನಲವತ್ತು. ನೀರು ಕೇಳಿದರೆ ಅಕ್ಕ, "ಆಮೇಲೆ" ಎಂದಳು. ನೋಯುತ್ತಿದೆ ಎಂದರೆ, "ಸರಿಯಾಗ್ತಿದೆ ಅಂತ ಅರ್ಥ" ಎಂದಳು. ನೋವು ಬಂದಾಗ ಬಾಯಿ ಮುಚ್ಚಬೇಕೆಂದು ಡಾಕ್ಟರಮ್ಮ ಬರೆದುಕೊಟ್ಟಿದ್ದ ಕಾಗದ ಅವಳ ಕಪಾಟಿನಲ್ಲೇ ಇತ್ತು. ತಾನೇನು ಮಾಡುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಿಂಗಳ ಕೊನೆಯ ದಿನ ಹುಡುಗಿ ಕೆಮ್ಮಿದಾಗ ಕರವಸ್ತ್ರದಲ್ಲಿ ಕೆಂಪು ಕಂಡಿತು. ಅವಳು ಅದನ್ನು ಮಡಚಿ ಅಡಗಿಸಿ, ಬಗ್ಗಿ ಅಕ್ಕನ ಕಾಲು ಮುಟ್ಟಿದಳು.

"ನಿಮ್ಮ ಋಣ ನಾನು ತೀರಿಸೋಕಾಗಲ್ಲ ಅಕ್ಕಾ."

"ಹೋಗು, ಹಾಡು" ಎಂದಳು ಅಕ್ಕ.

ಹುಡುಗಿಯ ಹಾಡು ಓಡಿತು. ತಮ್ಮ ಅಟ್ಟದಿಂದ ಅಕಾರ್ಡಿಯನ್ ಇಳಿಸಿ ಧೂಳು ಕೊಡವಿ ಅವಳ ಜೊತೆ ಊರೂರು ಸುತ್ತಿದ. ಪೋಸ್ಟರಿನಲ್ಲಿ ಮತ್ತೆ 'ಭಾನುವಾರದವರು' ಎಂದು ಹಾಕಿಸಿದರು. ಹದಿನಾಲ್ಕು ತಿಂಗಳಿಗೆ ಹುಡುಗಿಯ ಗಂಟಲು ಪೂರ್ತಿ ಹೋಯಿತು. ಹಾಡು ಹಾಗಿರಲಿ, ಈಗ ಅವಳು ಪಿಸುಗುಟ್ಟುತ್ತಾಳೆ ಅಷ್ಟೇ. ಹೂವಿನ ಗಿಡ ಮಾರುವ ನರ್ಸರಿಯಲ್ಲಿ ಕೆಲಸಕ್ಕಿದ್ದಾಳೆ ಎಂದು ಕೇಳಿದ್ದೇವೆ. ಅಕ್ಕನ ಮೇಲೆ ಅವಳು ಎಂದೂ ದೂರು ಹೇಳಿಲ್ಲ. ಕಲಿಸಿದ್ದನ್ನು ತಾನೇ ಸರಿಯಾಗಿ ಕಲಿಯಲಿಲ್ಲವೆಂದು ನಂಬಿದ್ದಾಳೆ.

ಅಕ್ಕನಿಗೂ ಕೆಲಸ ಸಿಕ್ಕಿತು. ಹಿಂದೆ ಯಾರ ಹಾಸಿಗೆಬಟ್ಟೆ ಒಗೆಯುತ್ತಿದ್ದಳೋ ಆ ಆಸ್ಪತ್ರೆಗಳಲ್ಲ, ಬೇರೊಂದು ಚಿಕ್ಕ ಆಸ್ಪತ್ರೆ. ಹೊರರೋಗಿಗಳ ವಿಭಾಗದಲ್ಲಿ ಕೂತು ಮೈಕಿನಲ್ಲಿ ನಂಬರು ಕರೆಯಬೇಕು. "ಅರವತ್ತೊಂದು, ಕೋಣೆ ಮೂರು." ದನಿ ಸ್ಪಷ್ಟವಾಗಿದೆ, ಮುದುಕರಿಗೂ ಅರ್ಥವಾಗುತ್ತದೆ ಎಂದು ಮೇಲಿನವರಿಗೆ ಸಂತೋಷ. ಜನ ನಂಬರು ಕೇಳಿಸಿಕೊಂಡು ಎದ್ದು ಹೋಗುತ್ತಾರೆ, ಯಾರೂ ಕತ್ತೆತ್ತಿ ನೋಡುವುದಿಲ್ಲ.

ಹೋದ ತಿಂಗಳು ಒಂದು ಭಾನುವಾರ ತಮ್ಮ ಬಂದಿದ್ದ. ಕೂದಲು ನರೆಯತೊಡಗಿದೆ. ಈಗ ಜಾಹೀರಾತಿಗೆ ಸಂಗೀತ ಮಾಡುತ್ತಾನೆ. ಬಂದವನು ಒಂದು ಹಣ್ಣಿನ ಚೀಲ ಮೇಜಿನ ಮೇಲಿಟ್ಟು, ಅವಳ ಕಾಲುನೋವಿನ ಬಗ್ಗೆ ಕೇಳಿ, ಆಮೇಲೆ ವಿಷಯಕ್ಕೆ ಬಂದ.

"ಸೋಪಿನದೊಂದು ಇದೆ ಅಕ್ಕಾ. ಎಂಟು ಸೆಕೆಂಡು. ನಿನ್ನ ದನಿ ಹಾಗೆ ಕ್ಲೀನಾಗಿದ್ರೆ ಸಾಕು."

ಎಷ್ಟೋ ವರ್ಷದಿಂದ ಅವಳು ಒಂದು ಸಾಲನ್ನೂ ಹಾಡಿರಲಿಲ್ಲ. ಒಲ್ಲೆನೆಂದರೆ ಅವನು ಬೇಡಿಕೊಳ್ಳುತ್ತಾನೆ, ಹಳೆಯದನ್ನೆಲ್ಲ ತೆಗೆಯುತ್ತಾನೆ, ಒಂದು ಸಲವಾದರೂ ತಪ್ಪಾಯಿತು ಎನ್ನುತ್ತಾನೆ ಎಂದುಕೊಂಡಳು. ಅದಕ್ಕಾಗಿ ಕಾದಿದ್ದವಳಂತೆ ನಿಧಾನವಾಗಿ, "ಆಗಲ್ಲ ಕಣೋ" ಎಂದಳು.

"ಸರಿ ಬಿಡು" ಎಂದ ತಮ್ಮ. ಮುಖದಲ್ಲಿ ಬೇಸರವೂ ಇರಲಿಲ್ಲ. "ಇಂಥದ್ದು ಹಾಡೋರು ಬೇಕಾದಷ್ಟು ಜನ ಇದ್ದಾರೆ. ನಿನಗೆ ಹೊತ್ತು ಹೋಗುತ್ತಲ್ಲ ಅಂತ ಕೇಳಿದೆ ಅಷ್ಟೇ."

ಚಹಾ ಕುಡಿದ, ಫೋನಿನಲ್ಲಿ ಯಾರಿಗೋ ಬರುತ್ತೇನೆಂದು ಹೇಳಿದ, ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ. ಅಕ್ಕ ಬಾಗಿಲು ಹಾಕಿಕೊಂಡು ಹಣ್ಣುಗಳನ್ನು ಒಂದೊಂದಾಗಿ ತೆಗೆದು ತೊಳೆದಳು. ಎರಡು ಕೊಳೆತಿದ್ದವು, ಅವನ್ನು ಬೇರೆ ಇಟ್ಟಳು.